ಹಾರ್ಮೋನಿಯಂ ಮುಚ್ಚಿಟ್ಟ ದನಿ

ರೆಕಾರ್ಡಿಂಗ್ ನಡುವೆ ದನಿ ಒಡೆಯಿತು. ಕೆಮ್ಮಿದೆ, ನೀರು ಕುಡಿದೆ, ಮತ್ತೆ ಓದಿದೆ. ಅದೇ ಸಾಲಿನಲ್ಲಿ ಮತ್ತೆ ಒಡೆಯಿತು.

ನಾನು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಮ್ಮ ಸೀಮೆಯ ಬಗ್ಗೆ ನಾನೇ ಬರೆದದ್ದನ್ನು ಓದುತ್ತಿದ್ದೆ. ಯಜಮಾನರು ಅದಕ್ಕೆ ತಾವೇ ರಾಗ ಕಟ್ಟಿ ಹಾರ್ಮೋನಿಯಂ ನುಡಿಸುತ್ತಿದ್ದರು. ವರವು ಕಾವಲೆಂಬ ಹುಲ್ಲುಗಾವಲಿನ ಗಾಳಿ, ದನಗಳ ಕೊರಳಗಂಟೆ, ಪಕ್ಕದ ಮನೆಯ ರೇಷ್ಮೆ ಮಗ್ಗದ ಸದ್ದು, ಎಲ್ಲವನ್ನೂ ಟೇಪಿಗೆ ಹಿಡಿದು ನಡುನಡುವೆ ಸೇರಿಸಿದ್ದೆವು. ಚಳ್ಳಕೆರೆಯ ತಮ್ಮ ಬಟ್ಟೆ ಅಂಗಡಿಗೆ ರಜೆಯಿದ್ದ ದಿನವೆಲ್ಲ ಅವರಿಗೆ ಇದೇ ಹುಚ್ಚು.

"ಗಂಟ್ಲು ಕೂತೈತೆ, ಅಷ್ಟೇ. ಮೆಣಸಿನ ಕಷಾಯ ಕುಡಿ. ಒಡೆದ ಕಡೆಯೆಲ್ಲ ಹಾರ್ಮೋನಿಯಂ ಜೋರು ಮಾಡ್ತೀನಿ, ಯಾರ್ಗೂ ಗೊತ್ತಾಗಲ್ಲ" ಎಂದರು.

ಯಾರಿಗೂ ಗೊತ್ತಾಗಲಿಲ್ಲ. ನನಗೂ. ಟೇಪು ಹಾಕಿ ಕೇಳಿದರೆ ದನಿ ನೆಟ್ಟಗೇ ಇತ್ತು. ಬೇಸಿಗೆ ಹೋಯಿತು, ಮಳೆಗಾಲವೂ ಮುಗಿಯಿತು. ಕೊನೆಗೆ ದಾವಣಗೆರೆಗೆ ಹೋದೆವು. ಬಯಾಪ್ಸಿ ರಿಪೋರ್ಟು ಬಂದ ದಿನ ಇಎನ್‌ಟಿ ಡಾಕ್ಟರು ಯಜಮಾನರನ್ನು ಕೇಳಿದರು: "ಇಷ್ಟು ತಿಂಗಳು ಇವರ ದನಿ ಕೆಟ್ಟಿದ್ದು ನಿಮಗೆ ಕೇಳಿಸ್ಲಿಲ್ವಾ?"

ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು.

ತೆಗೆದರು. ಈಗ ಕತ್ತಿನಲ್ಲಿ ತೂತಿದೆ, ಉಸಿರಾಟ ಅಲ್ಲಿಂದಲೇ. ನೀರು ಒಳಹೋದೀತೆಂದು ಸ್ನಾನಕ್ಕೂ ಭಯ. ಸ್ಕೂಲಿನಲ್ಲಿ ಪಾಠ ತಪ್ಪಿಸಿ ಲೈಬ್ರರಿ ಕೊಟ್ಟಿದ್ದಾರೆ. ನೋಡಲು ಬಂದವರಿಗೆಲ್ಲ ಯಜಮಾನರು ಆ ಕ್ಯಾಸೆಟ್ಟನ್ನೇ ಹಾಕುತ್ತಾರೆ. "ಎಂಥಾ ದನಿ ಇತ್ತಮ್ಮಾ ನಿಂದು!" ಎನ್ನುತ್ತಾರೆ ಬಂದವರು. ನಾನು ಎದುರಿಗೇ ಕೂತಿರುತ್ತೇನೆ, ಹಾರ ಹಾಕಿದ ಫೋಟೋದ ಹಾಗೆ. ಮೈಯೆಲ್ಲ ಉರಿಯುತ್ತದೆ.

ಗಾಳಿ ನುಂಗಿ, ತೇಗಿನಂತೆ ಹೊರಬಿಟ್ಟು ಮಾತಾಡುವುದನ್ನು ಸ್ಪೀಚ್ ಥೆರಪಿಯಲ್ಲಿ ಕಲಿತೆ. ಒರಟು ದನಿ, ನಿಜ. ಅದು ಹೊರಟರೆ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಯಜಮಾನರು ಟೇಪಿನ ವಾಲ್ಯೂಮ್ ಏರಿಸುತ್ತಾರೆ. ನನ್ನ ದನಿಯಿಂದಲೇ ನನ್ನ ಬಾಯಿ ಮುಚ್ಚಿಸುವುದು!

ಮೊನ್ನೆ ರಾಂಪುರದಿಂದ ನಾದಿನಿ ಬಂದಿದ್ದಳು. ಕ್ಯಾಸೆಟ್ ಶುರುವಾಯಿತು. ನಾನೇ ಎದ್ದು ಆಫ್ ಮಾಡಿದೆ.

"ಈಗಿನ ದನಿ ಇದು. ಇದನ್ನ ಕೇಳ್ರಿ."

ಅಷ್ಟು ಹೇಳಲು ಮತ್ತೆ ಮತ್ತೆ ಗಾಳಿ ನುಂಗಬೇಕಾಯಿತು. ಯಜಮಾನರ ಕೈ ಬಟನ್ನಿನ ಕಡೆಗೆ ಹೋಯಿತು.

"ಬಿಡಣ್ಣ, ಅತ್ತಿಗೆ ಮಾತಾಡ್ಲಿ" ಎಂದಳು ನಾದಿನಿ.

ಅವರು ಕೈ ಹಿಂದೆಗೆದರು. ತಲೆ ಎತ್ತದೆ, "ಹೇಳು" ಎಂದರು.

ಅವರನ್ನು ಕ್ಷಮಿಸಿದ್ದೇನೆ ಎನ್ನಲಾರೆ. ಆದರೆ ಅವತ್ತು ಸುಸ್ತಾಗುವವರೆಗೂ ಮಾತಾಡಿದೆ. ಅವರು ಕೂತು ಕೇಳಿದರು.