ಸೆರಗು ಕಾಯುವ ಪೀರಬಿ

ನಾಲತವಾಡದ ಹೊರಗಿನ ಹತ್ತಿ ಕಾರ್ಖಾನೆಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಚಳಿಗೆ ಮುದುಡಿಕೊಂಡು ಬಂದ ಹೆಂಗಸರು ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ. ಎಲ್ಲರಿಗಿಂತ ಮೊದಲೇ ಬಂದ ಪೀರಬಿ ಒಬ್ಬೊಬ್ಬರ ಸೆರಗನ್ನೂ ಎಳೆದು ನೋಡುತ್ತಾರೆ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುತ್ತಾರೆ, ಹೆರಳನ್ನು ಸುತ್ತಿ ಬಿಳಿ ಬಟ್ಟೆಯ ಟೊಪ್ಪಿಗೆಯೊಳಗೆ ತುರುಕುತ್ತಾರೆ.

"ಮದುವಿಗಿ ಹೊಂಟೀಯೇನ? ಹೆರಳ ಇಷ್ಟುದ್ದ ಬಿಟ್ಟೀದಿ!"

"ನೀ ವರ ನೋಡು ಚಾಚಿ, ಹೊಂಟೇಬಿಡ್ತೇನಿ!"

ನಗು ಮುಗಿಯುವಷ್ಟರಲ್ಲಿ ಒಳಗೆ ಯಂತ್ರಗಳು ಗುಡುಗುತ್ತವೆ. ಅಜ್ಜಿಯರ ಕಥೆಯಲ್ಲಿ ರಕ್ಕಸ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾನೆ. ಈ ರಕ್ಕಸನದು ಎಚ್ಚರದ ಗೊರಕೆ. ಹತ್ತಿಯಿಂದ ಕಾಳು ಬಿಡಿಸುವ ಆ ಯಂತ್ರಗಳನ್ನು ತಿರುಗಿಸುವ ಉದ್ದನೆಯ ಪಟ್ಟಾ, ಹೆಂಗಸರು ನಿಲ್ಲುವ ಜಾಗದ ಬೆನ್ನಿಗೇ ಓಡುತ್ತದೆ. ಅದಕ್ಕೆ ಯಾವ ಮುಚ್ಚಳವೂ ಇಲ್ಲ.

ಐವತ್ತು ದಾಟಿದ ಪೀರಬಿ ಮದುವೆಯಾಗಿ ಬಂದಾಗಿನಿಂದ ಇಲ್ಲೇ ದುಡಿಯುತ್ತಿದ್ದಾರೆ. ಸೆರಗು ಕಾಯುವುದಕ್ಕೆ ಬೇರೆ ಪಗಾರವಿಲ್ಲ, ಯಾರೂ ಒಪ್ಪಿಸಿದ ಕೆಲಸವೂ ಅಲ್ಲ. ತೊಂಬತ್ತಾರರ ಸುಗ್ಗಿಯಲ್ಲಿ, ಗೆಳತಿ ಹೊನ್ನವ್ವ ಪಕ್ಕದಲ್ಲೇ ನಿಂತು ಹತ್ತಿ ಹಾಕುತ್ತಿದ್ದಾಗ ಕಾರ್ಖಾನೆಯ ಸಾವಕಾರರು ಒಳಗೆ ಬಂದರು. ಹಿರಿಯರು ಎದುರಾದಾಗ ಮಾಡುವಂತೆ ಹೊನ್ನವ್ವ ಸೊಂಟದ ಸೆರಗು ಬಿಚ್ಚಿ ತಲೆಗೆ ಎಳೆದುಕೊಂಡರು. ಸೆರಗಿನ ತುದಿ ಪಟ್ಟಾಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಬಲಗೈ ತಿರುಗಿ ಬರಲಿಲ್ಲ.

ಹೊನ್ನವ್ವ ಈಗ ಗೇಟಿನ ಬಳಿ ಚಹಾ ಮಾರುತ್ತಾರೆ. "ಚಾ ಸೋಸಾಕ ಒಂದ ಕೈ ಸಾಕ್ರಿ. ಹೆರಳ ಹಾಕ್ಕೊಳಾಕ ಮಾತ್ರ ಈ ಪೀರಬಿ ಬೇಕು. ಆಕಿ ಎಳಿಯೂ ಬಿರುಸಿಗೆ ಇದ್ದ ನಾಕ ಕೂದಲಾನೂ ಉದರಿ ಹೋಗ್ತಾವು!"

ಅಂದಿನಿಂದ ಪೀರಬಿಯದು ಒಂದೇ ಹಟ: ಒಳಗೆ ಯಾರೇ ಬರಲಿ, ಸೊಂಟದ ಸೆರಗು ಬಿಚ್ಚುವಂತಿಲ್ಲ. ಹೇಳುವುದು ಸುಲಭ. ಈ ಹಂಗಾಮಿಗೆ ಹೊಸದಾಗಿ ಸೇರಿದ ಭುವನೇಶ್ವರಿ ಹೋದ ವರ್ಷವಷ್ಟೇ ಮದುವೆಯಾದವಳು. ಅವಳ ಮಾವ ಗುರುಲಿಂಗಪ್ಪ ಇದೇ ಕಾರ್ಖಾನೆಯಲ್ಲಿ ಚೀಲ ಹೊರುವ ಹಮಾಲ. ಅವರು ಬಂದಾಗಲೆಲ್ಲ ಅವಳ ಕೈ ಸೊಂಟಕ್ಕೆ ಹೋಗುತ್ತದೆ.

"ಮಾವಾರ ಮುಂದ ಬರೇ ತಲೀಲೆ ಹೆಂಗ ನಿಲ್ಲೂದು ಚಾಚಿ? ಮನ್ಯಾಗ ಅತ್ತಿ ಸುಮ್ಮನ ಬಿಡ್ತಾಳೇನು?" ಎಂದಿದ್ದಳು.

ಆ ಪ್ರಶ್ನೆಗೆ ಉತ್ತರ ಬಂದದ್ದು ದೂರದಿಂದ. ಇಲ್ಲಿನ ಅರಳೆ ಎಲ್ಲೋ ನೂಲಾಗಿ, ಬಟ್ಟೆಯಾಗಿ, ಅಂಗಿಯಾಗಿ ಏಳು ಸಮುದ್ರ ದಾಟುತ್ತದೆ. ಅಲ್ಲಿ ಯಾರದೋ ಅಂಗಿಯಲ್ಲಿ ಒಂದು ಕೂದಲು ಕಂಡಿತಂತೆ. ಆ ಕೂದಲಿನ ದೂರು ಅಷ್ಟೂ ಸಮುದ್ರ ದಾಟಿ ನಾಲತವಾಡಕ್ಕೆ ಬಂತು. ಹೊನ್ನವ್ವನ ಕೈಯ ದೂರು ಗೇಟು ದಾಟಿರಲಿಲ್ಲ. ನೂಲಿನ ಗಿರಣಿಯವರು ನೋಡಲು ಬರುತ್ತಾರೆಂದು ಎಲ್ಲರಿಗೂ ಟೊಪ್ಪಿಗೆ ಹಂಚಲಾಯಿತು. ಬಂದವರು ತಲೆಗಳನ್ನು ನೋಡಿ ಮೆಚ್ಚಿ ಹೋದರು. ಪಟ್ಟಾದ ಕಡೆ ಯಾರೂ ತಿರುಗಲಿಲ್ಲ.

ಅವರ ಗಾಡಿ ಹೋದದ್ದೇ ತಡ, ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಕಲ್ಮೇಶ ಚೀಲ ಹಿಡಿದು ಬಂದ. "ಟೊಪಗಿ ಕೊಡ್ರಿ. ಮತ್ತ ಅವರು ಬಂದಾಗ ಹಾಕ್ಕೊಳೂರಂತ."

"ಹೊಲಸಾಗ್ಯಾವೋ ತಮ್ಮಾ, ಒಗದ ಕೊಡ್ತೇವಿ," ಎಂದರು ಪೀರಬಿ. ಅವು ಇನ್ನೂ ಒಗೆದು ಮುಗಿದಿಲ್ಲ.

ಇವತ್ತು ಅದೇ ಟೊಪ್ಪಿಗೆಯ ಪರೀಕ್ಷೆ. ಬೆನ್ನ ಮೇಲೆ ಚೀಲ ಹೊತ್ತ ಗುರುಲಿಂಗಪ್ಪ ಬಾಗಿಲಿಗೆ ಬರುತ್ತಾರೆ. ಪಟ್ಟಾದ ಮುಂದೆ ನಿಂತ ಭುವನೇಶ್ವರಿಯ ಕೈ ಆಗಲೇ ಸೊಂಟದ ಮೇಲಿದೆ. ಪೀರಬಿ ಓಡಿಹೋಗಿ ಆ ಕೈ ಹಿಡಿದು, ಯಂತ್ರದ ಸದ್ದಿಗಿಂತ ಮೇಲೆ ಕೂಗುತ್ತಾರೆ: "ಅಣ್ಣಾ, ನಿನ್ನ ಸ್ವಸಿ ಟೊಪಗಿ ಹಾಕ್ಯಾಳ! ತಲಿ ಮುಚ್ಚಿದಂಗಾತೋ ಇಲ್ಲೋ?"

ಗುರುಲಿಂಗಪ್ಪ ನಿಲ್ಲುತ್ತಾರೆ. ಸೊಸೆಯ ಕಡೆ ನೋಡುವುದಿಲ್ಲ; ಅವಳ ಬೆನ್ನ ಹಿಂದೆ ಓಡುವ ಪಟ್ಟಾವನ್ನು ನೋಡುತ್ತಾರೆ.

"ಆತಕ್ಕಾ," ಎನ್ನುತ್ತಾರೆ ಕೊನೆಗೆ. "ಮನ್ಯಾಗ ನಾ ಮಾವ. ಇಲ್ಲಿ ಹಮಾಲ. ಸೆರಗ ಮುಟ್ಟಬ್ಯಾಡಂತ ಹೇಳು ಆಕಿಗಿ."

ಸೊಂಟದ ಕೈ ಮತ್ತೆ ಹತ್ತಿಗೆ ಮರಳುತ್ತದೆ.

ಚಹಾದ ಹೊತ್ತಿಗೆ ಪೀರಬಿ ಹೊನ್ನವ್ವನ ಹಿಂದೆ ಕುಳಿತು ಹೆರಳು ಹಾಕುತ್ತಿದ್ದಾರೆ. ನಿಮಗೇನು ಬೇಕು ಎಂದು ಪೀರಬಿಯನ್ನು ಕೇಳಿದರೆ ನಾಚಿ ನಗುತ್ತಾರೆ.

"ನಂಗೇನ್ ಬೇಕ್ರಿ. ನಮ್ಮ ತಲಿಗಿ ಟೊಪಗಿ ಬಂತು. ಆ ಪಟ್ಟಾಕ್ಕೂ ಒಂದ ತಗಡಿನ ಟೊಪಗಿ ಹಾಕಿಸಿದ್ರ, ನಾನೂ ಒಂದಿನ ಹೊತ್ತೇರಿ ಬರ್ತೇನಿ ಕೆಲಸಕ್ಕ."