ಓನರ್ ಆಂಟಿಯ ಕ್ಷುದ್ರಗ್ರಹ

ಮೊನ್ನೆ ಪಕ್ಕದ ಫ್ಲ್ಯಾಟಿನಿಂದ ಹುರುಳಿಕಾಳು ಬಸ್ಸಾರಿನ ವಾಸನೆ ಬಂತು. ಬೆಂಗಳೂರಿನ ಹೂಡಿಯ ಈ ಅಪಾರ್ಟ್‌ಮೆಂಟಿನಲ್ಲಿ ಅಂಥ ಅಡುಗೆ ಮಾಡುವವರು ಅಪರೂಪ. ದೊಡ್ಡನೆಕ್ಕುಂದಿಯ ನಮ್ಮ ಓನರ್ ಆಂಟಿ ನೆನಪಾದರು...

ಅವರ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹೊಲವೆಲ್ಲ ಕಾರ್ಖಾನೆ, ರಿಂಗ್ ರೋಡುಗಳ ಪಾಲಾಗಿ ಉಳಿದ ಚೂರು ಜಾಗದಲ್ಲಿ ಕಟ್ಟಿಸಿದ ಮನೆ ಅದು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಡಿಗ್ರಿ ಓದುತ್ತಿದ್ದಳು. ಬಸ್ಸಾರು ಮಾಡಿದ ದಿನ ಆಂಟಿ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಬೇಡ ಎಂದರೆ ಬೈಗುಳ ಗ್ಯಾರಂಟಿ.

ಒಂದು ಸಂಜೆ ಬಟ್ಟಲಿನ ಜೊತೆ ಸುದ್ದಿಯೂ ಬಂತು.

"ನನ್ ಮಗ್ಳು ಆಕಾಸ್ದಾಗೆ ಒಂದ್ ಕಲ್ಲು ಕಂಡಿಡ್ದವ್ಳಂತೆ ಕಣವ್ವ. ಅದ್ಕೆ ನನ್ ಎಸ್ರು ಇಡ್ತಾಳಂತೆ. ಎಲ್ಲಾರ ಉಂಟಾ?"

ಎಲ್ಲೋ ದೂರದ ದೂರದರ್ಶಕ ತೆಗೆದ ಚಿತ್ರಗಳನ್ನು ಕಾಲೇಜಿನವರು ಮಕ್ಕಳಿಗೆ ಹಂಚಿ, ಜಾಗ ಬದಲಿಸುವ ಚುಕ್ಕಿಗಳನ್ನು ಹುಡುಕಿಸುತ್ತಿದ್ದರು. ಅವಳಿಗೊಂದು ಸಿಕ್ಕಿತ್ತು. ಮಂಗಳ ಮತ್ತು ಗುರುಗ್ರಹಗಳ ನಡುವೆ ಓಡಾಡುವ ಕ್ಷುದ್ರಗ್ರಹ, ಸೂರ್ಯನಿಗೆ ಒಂದು ಸುತ್ತು ಬರಲು ಸುಮಾರು ನಾಲ್ಕು ವರ್ಷ. ಎಷ್ಟು ದೊಡ್ಡದು ಎಂದು ಆಂಟಿ ಕೇಳಿದರೆ, ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಮಗಳು ತಡವರಿಸಿದಳು. ಅದರ ಬೆಳಕೊಂದೇ ಗೊತ್ತಿರುವುದು, ಕಲ್ಲು ಕಪ್ಪಗಿದ್ದರೆ ದೊಡ್ಡದಿರಬಹುದು, ಬೆಳ್ಳಗಿದ್ದರೆ ಚಿಕ್ಕದು ಎಂದಳು.

"ಅಂಗಾರೆ ಕಪ್ಪಗೇ ಇರ್ಲಿ ಬಿಡು, ನನ್ನಂಗೆ" ಎಂದು ಆಂಟಿ ನಕ್ಕರು.

ಆದರೆ ಹೆಸರಿಡುವುದು ಅಷ್ಟು ಸುಲಭವಿರಲಿಲ್ಲ. ಕಲ್ಲು ಮತ್ತೆ ಮತ್ತೆ ಕಾಣಿಸಬೇಕು, ಅದು ಸುತ್ತುವ ದಾರಿ ಖಚಿತವಾಗಬೇಕು, ಆಮೇಲೆ ಒಂದು ಸಂಖ್ಯೆ, ಅದಾದ ಮೇಲಷ್ಟೇ ಹೆಸರು. ಅಲ್ಲಿಯವರೆಗೆ ಇಸವಿಯ ಪಕ್ಕ ಒಂದೆರಡು ಅಕ್ಷರ ಸೇರಿಸಿದ ತಾತ್ಕಾಲಿಕ ಗುರುತು. ವರ್ಷಗಟ್ಟಲೆ ಹಿಡಿಯಬಹುದು ಎಂದು ನಾನು ಬಿಡಿಸಿ ಹೇಳಿದೆ. ಆಂಟಿ ಯೋಚನೆ ಮಾಡುತ್ತಿದ್ದುದು ಬೇರೆಯೇ. ಮಗಳು ಕೆಳಗಿಳಿದು ಹೋಗುವವರೆಗೆ ಕಾದರು.

"ಇಡೋದಾದ್ರೆ ಈಗಿನ್ ಎಸ್ರು ಬ್ಯಾಡ ಕಣವ್ವ" ಎಂದರು.

ಅವರಪ್ಪ ಇಟ್ಟ ಹೆಸರು ಬೇರೆಯಂತೆ. ಗ್ರಹಚಾರಕ್ಕೆ ಅತ್ತೆಯ ಹೆಸರೂ ಅದೇ ಆಗಿತ್ತು. ಸೊಸೆಯನ್ನು ಹೆಸರು ಹಿಡಿದು ಬೈದರೆ ಅತ್ತೆಯನ್ನೇ ಬೈದ ಹಾಗಾಗುತ್ತದೆಂದು ಮದುವೆಯ ದಿನವೇ ತಟ್ಟೆಯಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆದಿದ್ದರು. ಹಳೆಯ ಹೆಸರಿನಿಂದ ಕರೆಯುತ್ತಿದ್ದ ತವರಿನವರು ಒಬ್ಬೊಬ್ಬರಾಗಿ ತೀರಿಕೊಂಡರು... ಮಗಳಿಗೂ ಈ ಸಂಗತಿ ಗೊತ್ತಿರಲಿಲ್ಲ.

"ಊರೋರೆಲ್ಲ ಅತ್ತೆ ಎಸ್ರು ಇಟ್ಟವ್ರೆ ಅನ್ಕಂತಾರೆ. ಅನ್ಕಳ್ಳಿ. ನಂಗ್ ಗೊತ್ತಿದ್ರೆ ಸಾಕು."

ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆವತ್ತೇ ಮಗಳಿಗೆ ಹೇಳಿದೆ, ಅವಳು ಹೆಸರಿಡುವ ಕಾಲ ಬಂದಾಗ ಅದನ್ನೇ ಕಳಿಸುತ್ತೇನೆಂದಳು.

ಮುಂದಿನ ವರ್ಷ ಆಂಟಿಯ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಕರೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಸಿಕ್ತಾ ಮತ್ತೆ?" ಕಲ್ಲು ಸೂರ್ಯನ ಆಚೆ ಬದಿಗೆ ಹೋಗಿತ್ತು. ಈಚೆ ಬಂದ ಮೇಲೂ ಯಾರ ಕಣ್ಣಿಗೂ ಬೀಳಲಿಲ್ಲ. ಆಸ್ಪತ್ರೆಗಾದರೆ ಓಡಬಹುದು, ಡಾಕ್ಟರ ಕೈಕಾಲು ಹಿಡಿಯಬಹುದು. ಈ ಕಲ್ಲಿಗೆ ಬೇಗ ಬಾ ಎಂದು ಹೇಳುವವರು ಯಾರು? ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. "ಇನ್ನೂ ಇಲ್ಲ ಆಂಟಿ" ಎನ್ನುತ್ತಿದ್ದೆ. "ಬತ್ತದೆ ಬಿಡು" ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು.

ಅದು ಬರುವ ಮೊದಲೇ ಅವರು ಹೋದರು... ಗೇಟಿಗೆ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಗಂಡನ ಮನೆಯವರು ಇಟ್ಟ ಹೆಸರೇ ದಪ್ಪಕ್ಷರದಲ್ಲಿತ್ತು.

ಕಳೆದ ತಿಂಗಳು ಮಗಳು ಫೋನ್ ಮಾಡಿದಳು. "ಅಕ್ಕಾ, ಕಲ್ಲು ಮತ್ತೆ ಸಿಕ್ತು" ಎಂದಳು. ನಾನು ಖುಷಿಯಿಂದ ಕೂಗುವುದರಲ್ಲಿದ್ದೆ. "ಆದ್ರೆ ಅದು ನಮ್ದಲ್ವಂತೆ ಅಕ್ಕಾ. ದಾರಿ ಲೆಕ್ಕ ಹಾಕಿದ್ಮೇಲೆ ಗೊತ್ತಾಯ್ತು, ಬೇರೆ ಯಾರೋ ಮುಂಚೇನೇ ನೋಡಿದ್ರಂತೆ. ಹೆಸರು ಅವ್ರೇ ಇಡ್ತಾರೆ."

ಯಾರ ತಪ್ಪೂ ಅಲ್ಲ, ನಿಯಮ ಇರುವುದೇ ಹಾಗೆ. ಆಂಟಿಗೆ ಅವರಪ್ಪ ಇಟ್ಟ ಆ ಹೆಸರಿತ್ತೆಂದು ಬಲ್ಲವರು ಈಗ ನಾವಿಬ್ಬರೇ. ನಾನು ಆಂಟಿ ಎನ್ನುತ್ತಿದ್ದೆ, ಅವಳು ಅಮ್ಮ ಎನ್ನುತ್ತಿದ್ದಳು. ಆ ಹೆಸರಿನಿಂದ ಅವರನ್ನು ಒಮ್ಮೆಯೂ ಕರೆದವರಲ್ಲ ನಾವು.