ಕೈಯ ಜೋರು, ಗಾಲಿಯ ಜೋರು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಗಾಲಿಯಣ್ಣ ಎಂದೇ ಕರೆಯುತ್ತಿದ್ದರು. ರೋಗಿಗಳನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗುವುದು ಅವನ ಕೆಲಸ. ಅದರಲ್ಲೇ ಅರ್ಧ ತಲೆ ನೆರೆದಿತ್ತು. ತಳ್ಳುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿದವರೊಂದಿಗೆ ಅವನು ವಾದಕ್ಕೆ ಇಳಿಯುತ್ತಿರಲಿಲ್ಲ. ಖಾಲಿ ಸ್ಟ್ರೆಚರಿನ ಹಿಡಿಕೆಯನ್ನು ಅವರ ಕೈಗೇ ಕೊಟ್ಟುಬಿಡುತ್ತಿದ್ದ. ಸ್ವಲ್ಪ ಹೊತ್ತಿನಲ್ಲೇ ಅದು ಹೋಗಿ ಗೋಡೆಗೆ ಮುತ್ತಿಡುತ್ತಿತ್ತು.

ಒಮ್ಮೆ ಹೊಸದಾಗಿ ಸೇರಿದ ಆಯಾ ಒಬ್ಬ ಪೈಲ್ವಾನನಂಥ ರೋಗಿಯನ್ನು ತಳ್ಳಲಾಗದೆ ಏದುಸಿರು ಬಿಡುತ್ತಿದ್ದಳು. ಜೋರಾಗಿ ತಳ್ಳಮ್ಮ ಎಂದು ಸಿಸ್ಟರ್ ಹೇಳಿದರು. ತಳ್ಳಿದಳು, ಹೋಯಿತು. ಆಮೇಲೆ ಬಂದವನು ಕಡ್ಡಿಯಂಥ ಒಬ್ಬ ಮುದುಕ. ಅವನನ್ನೂ ಅಷ್ಟೇ ಜೋರಾಗಿ ತಳ್ಳಿದಳು. ಸ್ಟ್ರೆಚರು ಓಡಿಹೋಗಿ ಔಷಧಿ ಬೀರುವಿಗೆ ಬಡಿಯಿತು. ಮುದುಕನಿಗೆ ಏನೂ ಆಗಲಿಲ್ಲ. ಕಣ್ಣು ಬಿಟ್ಟು, ಬಂತಾ ಎಂದು ಕೇಳಿದ ಅಷ್ಟೇ. ಆದರೆ ಅಷ್ಟು ಜೋರಾಗಿ ಯಾಕೆ ಹೋದೆ ಎಂದು ಅದೇ ಸಿಸ್ಟರ್ ಬೈದಾಗ ಆಯಾ ಕಕ್ಕಾಬಿಕ್ಕಿಯಾದಳು.

ಗಾಲಿಯಣ್ಣ ಅವಳನ್ನು ಪಕ್ಕಕ್ಕೆ ಕರೆದ. "ತಪ್ಪು ನಿಂದಲ್ಲಮ್ಮ, ಜೋರು ಅನ್ನೋ ಮಾತಿಂದು. ಕೈಯ ಜೋರು ಬೇರೆ, ಗಾಲಿಯ ಜೋರು ಬೇರೆ. ಮಧ್ಯ ಮಲಗಿರೋರ ತೂಕ ಇದೆಯಲ್ಲ, ಲೆಕ್ಕ ಎಲ್ಲಾ ಅಲ್ಲೇ."

ಮನೆಯಲ್ಲಿ ಇದನ್ನು ಹೇಳಿ ಬೀಗಿದರೆ, ಪಾಠ ಓದುತ್ತಿದ್ದ ಮಗಳು ತಿದ್ದಿದಳು. ಬಲ ಹಾಕಿದರೆ ಸಿಗುವುದು ಬರೀ ವೇಗವಲ್ಲವಂತೆ, ವೇಗ ಏರುತ್ತಾ ಹೋಗುವುದಂತೆ. ಅದಕ್ಕೆ ವೇಗೋತ್ಕರ್ಷ ಎಂದು ಹೆಸರು. ಅದೇ ಬಲಕ್ಕೆ ರಾಶಿ, ಅಂದರೆ ಅಪ್ಪ ಹೇಳುವ ತೂಕ, ಎರಡು ಪಟ್ಟಾದರೆ ವೇಗ ಏರುವುದು ಅರ್ಧದಷ್ಟು. ರಾಶಿ ಅರ್ಧಕ್ಕಿಳಿದರೆ ಎರಡು ಪಟ್ಟು. ಓಡುವುದನ್ನು ನಿಲ್ಲಿಸುವಾಗಲೂ ಇದೇ ಲೆಕ್ಕ. ಗಾಲಿಯಣ್ಣ ಎಲ್ಲವನ್ನೂ ಒಪ್ಪಿಕೊಂಡ. ಆ ಹೆಸರಿಗೆ ಮಾತ್ರ ಅವನ ನಾಲಿಗೆ ಹೊರಳಲಿಲ್ಲ.

ಅವನಿಗೆ ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಮೈ ತುಂಬಿಕೊಂಡಿದ್ದರಿಂದ ಬೀದಿಗೆಲ್ಲ ಗುಂಡಕ್ಕ. ಹಿಂದೆ ಅವಳ ಕಾಲು ಮುರಿದಾಗ ಇವನೇ ತಳ್ಳಿದ್ದ. ಇನ್ನೊಬ್ಬನನ್ನು ಕರೆಯಲೇನೋ ಎಂದು ಅಂದು ಅವಳೇ ನಗೆಯಾಡಿದ್ದಳು. ಕಾಲು ಊರಿ, ಸೊಂಟ ಬಗ್ಗಿಸಿ ತಳ್ಳಿದ ಆ ಜೋರು ಅವನ ತೋಳಿಗೆ ನೆನಪಿತ್ತು.

ಈಗ ಮಂಡಿನೋವೆಂದು ಎಕ್ಸ್‌ರೇಗೆ ಬಂದಿದ್ದಳು. ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಶಾಲು. ಮುಖ ಸೊರಗಿದೆಯಲ್ಲ ಎಂದು ಕೇಳಿದ್ದಕ್ಕೆ, ಈ ವಯಸ್ಸಿನಲ್ಲಿ ಇನ್ನು ಮದುವೆಗೆ ಕೂರಬೇಕಾ ಎಂದು ಮಾತು ಹಾರಿಸಿದಳು. ಊಟ ಚೆನ್ನಾಗಿ ಸೇರುತ್ತಿದೆ ಎಂದಳು. ಮೆಟ್ಟಿಲುಮಣೆ ಹತ್ತಿ ತಾನೇ ಸ್ಟ್ರೆಚರಿನಲ್ಲಿ ಮಲಗಿದಳು. ಗಾಲಿಯಣ್ಣ ಕಾಲು ಊರಿ, ಸೊಂಟ ಬಗ್ಗಿಸಿ, ಗುಂಡಕ್ಕನಿಗೆ ಎಷ್ಟು ಬೇಕೋ ಅಷ್ಟು ಜೋರು ಹಾಕಿದ.

ಸ್ಟ್ರೆಚರು ಕೈತಪ್ಪಿ ಮುಂದಕ್ಕೆ ಹಾರಿತು. ಅವನು ಓಡಿಹೋಗಿ ಹಿಡಿದ.

"ಏನೋ ಇದು, ಇಷ್ಟು ಜೋರು?"

ನೆಲ ಅದೇ, ಸ್ಟ್ರೆಚರು ಅದೇ, ತಳ್ಳಿದ ಕೈಯೂ ಅದೇ. ಬದಲಾಗಬಹುದಾದದ್ದು ಉಳಿದಿದ್ದು ಒಂದೇ. ಗಾಲಿಯಣ್ಣ ಹಿಡಿಕೆ ಬಿಟ್ಟು ಅಕ್ಕನ ಪಕ್ಕಕ್ಕೆ ಬಂದ.

"ನಾನು ಜೋರು ಮಾಡ್ಲಿಲ್ಲ ಅಕ್ಕಾ. ನೀನು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?"

ಅವಳು ಶಾಲನ್ನು ಕತ್ತಿನವರೆಗೆ ಎಳೆದುಕೊಂಡಳು. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಆಮೇಲೆ ಒಪ್ಪಿಕೊಂಡಳು. ಈಚೆಗೆ ನೀರು ಕುಡಿದರೂ ನೋಯುತ್ತಿತ್ತಂತೆ. "ಮಂಡಿ ಫೋಟೋ ತೆಗೆಸಿ ಮನೆಗೆ ಬಿಡು. ಡಾಕ್ಟರಿಗೆ ಹೇಳ್ಬೇಡ. ಅಮ್ಮನೂ ಹಿಂಗೇ ಮಲ್ಕೊಂಡು ಒಳಗೆ ಹೋದ್ಳು, ಬರ್ಲಿಲ್ಲ."

ಅಕ್ಕ ಹಾಕಿದ ಗೆರೆಯನ್ನು ಅವನು ಎಂದೂ ದಾಟಿದವನಲ್ಲ. ಓಣಿಯ ಕೊನೆಯಲ್ಲಿ ಎಡಕ್ಕೆ ಹೋದರೆ ಎಕ್ಸ್‌ರೇ, ಬಲಕ್ಕೆ ಡಾಕ್ಟರ ಕೋಣೆ. ಹೇಳಿಬಿಟ್ಟರೆ ಅಕ್ಕನ ಪಾಲಿಗೆ ದ್ರೋಹಿ. ಹೇಳದಿದ್ದರೆ ಅಕ್ಕನೇ ಉಳಿಯುವುದಿಲ್ಲ. ಅವನು ಬಲಕ್ಕೆ ತಿರುಗಿಸಿದ. ತಿರುಗಿಸಲು ಕೈ ಒಂದಿಷ್ಟೂ ಬಿಗಿಯಬೇಕಾಗಲಿಲ್ಲ. ಕತ್ತೆ, ಉಂಡ ಮನೆಗೆ ಎರಡು ಬಗೆಯುವವನು ಎಂದು ದಾರಿಯುದ್ದಕ್ಕೂ ಅಕ್ಕ ಬಯ್ಯುತ್ತಲೇ ಇದ್ದಳು. ಅವನು ತಳ್ಳುತ್ತಲೇ ಇದ್ದ.

ಡಾಕ್ಟರು ಚೀಟಿ ನೋಡಿ, ಮಂಡಿನೋವಿಗೆ ಇಲ್ಲಿಗೇಕೆ ಕರೆತಂದೆ ಎಂದು ಕೇಳಿದರು.

"ನಮ್ಮಕ್ಕ ಹಗುರಾಗಿದಾಳೆ ಡಾಕ್ಟ್ರೇ," ಎಂದ ಗಾಲಿಯಣ್ಣ.

ಅಕ್ಕನ ಬೈಗುಳ ನಿಂತಿತು. ಅವಳು ಮೆಲ್ಲನೆ ಎದ್ದು ಕೂತು, ಮೊದಲು ಶಾಲು, ಆಮೇಲೆ ಒಂದೊಂದಾಗಿ ಸ್ವೆಟರುಗಳನ್ನು ತೆಗೆದು ತಮ್ಮನ ಕೈಗೆ ಕೊಟ್ಟಳು.